ಆಗ ಸೈರನ್ ಕೇಳಿಸುತ್ತಿತ್ತು, ಈಗ ಸಾಲದ ಕಂತು

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: "1991ರಲ್ಲಿ ಕಾಲೇಜಿನಲ್ಲಿದ್ದಾಗ ಸಿಟ್ಟಿನ ರಾಜಕೀಯ ಹಾಡುಗಳ ಅಮೆರಿಕನ್ ರ್‍ಯಾಪ್ ತಂಡ ಪಬ್ಲಿಕ್ ಎನಿಮಿಯ ಕ್ಯಾಸೆಟ್ಟನ್ನು ಸವೆಯುವಷ್ಟು ಕೇಳಿದ್ದೆ. ಈಗ ಐವತ್ತು ದಾಟಿದೆ. ಮೊನ್ನೆ ಹಾಕಿದರೆ ಹತ್ತು ನಿಮಿಷಕ್ಕೇ ಸಾಕಾಯಿತು. ಈಗಿನ ರ್‍ಯಾಪರ್ ಕೆಂಡ್ರಿಕ್ ಲಮಾರ್ ಕೇಳುವ ಮಗಳು 'ಅಪ್ಪಾ, ನೀನು ತಣ್ಣಗಾಗಿದ್ದೀಯ' ಅನ್ನುತ್ತಾಳೆ. ಸತ್ತದ್ದು ನನ್ನ ರಾಜಕೀಯವೋ, ಅಥವಾ ಆ ಸಂಗೀತವೇ ಹುಡುಗಾಟವೋ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಕ್ಯಾಸೆಟ್ ನನ್ನ ಹತ್ತಿರವೂ ಇತ್ತು, ಗೆಳೆಯನಿಂದ ಕಾಪಿ ಮಾಡಿಸಿದ್ದು. ಮಾತು ಅರ್ಧವೂ ತಿಳಿಯುತ್ತಿರಲಿಲ್ಲ. ನನ್ನನ್ನು ಹಿಡಿದದ್ದು ಸದ್ದು. ಬಾಂಬ್ ಸ್ಕ್ವಾಡ್ ಎಂಬ ಅವರ ನಿರ್ಮಾಪಕರ ತಂಡ ಸೈರನ್, ಹಳೆಯ ಫಂಕ್ ಹಾಡಿನ ತುಣುಕು, ಭಾಷಣದ ಚೂರು ಎಲ್ಲವನ್ನೂ ಒಂದರ ಮೇಲೊಂದು ಹೇರಿ, ಬೇಕೆಂದೇ ಕಿವಿಗೆ ಒರಟಾಗುವಂತೆ ಕಟ್ಟುತ್ತಿತ್ತು. ಐವತ್ತರ ಕಿವಿ ಅದಕ್ಕೆ ದಣಿದರೆ ತಪ್ಪೇನಿಲ್ಲ. (1991ರ ಡಿಸೆಂಬರಿನಲ್ಲಿ, ಅನುಮತಿ ಇಲ್ಲದೆ ಬೇರೆಯವರ ಹಾಡಿನ ತುಣುಕು ಬಳಸುವುದು ಕಳ್ಳತನ ಎಂದು ನ್ಯೂಯಾರ್ಕಿನ ಕೋರ್ಟು ತೀರ್ಪು ಕೊಟ್ಟ ಮೇಲೆ ಅಂಥ ಸದ್ದು ಕಟ್ಟುವುದೇ ದುಬಾರಿಯಾಯಿತು. ನಿಮ್ಮ ಮಗಳ ಕಿವಿ ಬೆಳೆದದ್ದು ಆಮೇಲಿನ ಸಂಗೀತದಲ್ಲಿ.)

ಈಗ 1982ರ 'ದಿ ಮೆಸೇಜ್' ಹಾಕಿ ನೋಡಿ, ಗ್ರಾಂಡ್‌ಮಾಸ್ಟರ್ ಫ್ಲ್ಯಾಷ್ ತಂಡದ್ದು. ಘೋಷಣೆ ಇಲ್ಲ, ಯಾವ ಅಧ್ಯಕ್ಷನ ಹೆಸರೂ ಇಲ್ಲ. ಬಡ ಕೇರಿಯ ಒಬ್ಬ ಮನುಷ್ಯ ಕಂಡದ್ದನ್ನು ಹೇಳುತ್ತಾ ಹೋಗುತ್ತಾನೆ: ಒಡೆದ ಗಾಜು, ಇಲಿ, ಜಿರಳೆ, ಬಾಕಿಗೆ ಎಳೆದುಕೊಂಡು ಹೋದ ಕಾರು. ಎರಡಂಕಿ ದಾಟಿದ ಹಣದುಬ್ಬರ, ರೈಲು ಮುಷ್ಕರದಿಂದ ಕೆಲಸಕ್ಕೆ ಹೋಗಲಾಗದ ಪಾಡು ಕೂಡ ಅದರಲ್ಲಿದೆ. ಇಪ್ಪತ್ತರಲ್ಲಿ ನನಗೆ ಅದು ಸಪ್ಪೆ ಅನ್ನಿಸಿತ್ತು. ಹಣದುಬ್ಬರದ ಸಾಲು ಕೇಳಿ ಯಾವ ಹುಡುಗನ ಮೈ ಜುಮ್ಮೆನ್ನುತ್ತದೆ? ಮನೆ ಸಾಲದ ಕಂತು ಒಂದು ತಿಂಗಳು ತಪ್ಪಿ ಬ್ಯಾಂಕಿನಿಂದ ಫೋನು ಬಂದ ವರ್ಷ ಅದೇ ಹಾಡು ಮತ್ತೆ ಕಿವಿಗೆ ಬಿತ್ತು, ಅಡುಗೆಮನೆಯಲ್ಲಿ ಸುಮ್ನೆ ನಿಂತುಬಿಟ್ಟೆ. ನಿಮ್ಮ ರಾಜಕೀಯವೂ ಸತ್ತಿಲ್ಲ ಸ್ವಾಮಿ, ಬಾಡಿಗೆ, ಸಂಬಳ, ಆಸ್ಪತ್ರೆ ಬಿಲ್ಲಿನ ಕಡೆ ಸರಿದಿರಬೇಕು.

ಇನ್ನೊಂದು ಮಾತು, ಸ್ವಲ್ಪ ಕಷ್ಟದ್ದು. ಎನ್.ಡಬ್ಲ್ಯು.ಎ. ಎಂಬ ರ್‍ಯಾಪ್ ತಂಡ 1988ರ ಆಲ್ಬಮ್‌ನಲ್ಲಿ ಪೊಲೀಸರ ಮೇಲೆ ಹಾಡಿದ್ದಕ್ಕೆ ಮರುವರ್ಷ ಎಫ್‌ಬಿಐ ಅಧಿಕಾರಿಯೊಬ್ಬರು ರೆಕಾರ್ಡ್ ಕಂಪನಿಗೆ ಆಕ್ಷೇಪದ ಪತ್ರ ಬರೆದರು. ಆ ಪತ್ರದ ಕಥೆ ಹೇಳಿಕೊಂಡು ನಾವೂ ಮೆರೆದೆವು. ಅದೇ ಆಲ್ಬಮ್ ಹೆಂಗಸರ ಬಗ್ಗೆ ಆಡಿದ ಮಾತು ಆಗಲೂ ಅಲ್ಲೇ ಇತ್ತು, ನನಗೆ ಕೇಳಿಸಲಿಲ್ಲ ಅಷ್ಟೆ. ನನ್ನ ಮಗಳು ದೊಡ್ಡವಳಾದ ಮೇಲೆ ಅದನ್ನು ಹಾಕಲು ಕೈ ಬರಲಿಲ್ಲ. ಬೀದಿಯಲ್ಲಿ ಕೆಣಕುವವನಿಗೂ ಮನೆಯಲ್ಲಿ ಹೊಡೆಯುವವನಿಗೂ ರ್‍ಯಾಪ್ ಗಾಯಕಿ ಕ್ವೀನ್ ಲತೀಫಾ 1993ರಲ್ಲೇ ಮುಖಕ್ಕೆ ಹೊಡೆದಂತೆ ಹಾಡಿದ್ದರು. ನಾನು ಅದನ್ನು ಕೇಳಿದ್ದು ನಲವತ್ತಾದ ಮೇಲೆ. ಅಷ್ಟು ವರ್ಷ ಕಳೆದುಕೊಂಡೆ ಅಂತ ಈಗಲೂ ಬೇಜಾರಿದೆ.

ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಲೂ ಆಗುವುದಿಲ್ಲ. 2020ರಲ್ಲಿ ಅಮೆರಿಕದ ಪೊಲೀಸರ ಕೈಯಲ್ಲಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಪಬ್ಲಿಕ್ ಎನಿಮಿ ತಮ್ಮ 1989ರ 'ಫೈಟ್ ದಿ ಪವರ್' ಹಾಡನ್ನು ಕಿರಿಯ ರ್‍ಯಾಪರ್‌ಗಳ ಜೊತೆ ಮತ್ತೆ ಹಾಡಿದರು. ತಂಡದ ಮುಖ್ಯ ರ್‍ಯಾಪರ್ ಚಕ್ ಡಿಗೆ ಆಗ ಅರವತ್ತು ತುಂಬುತ್ತಿತ್ತು. ಅವರ ಸಿಟ್ಟು ಯಾಕೆ ಆರಲಿಲ್ಲ? ಅದು ಅವರ ಬೀದಿಯದು, ದಿನಾ ಎದುರಾಗುವುದು. ನಾವು ಇಪ್ಪತ್ತರಲ್ಲಿ ಅದನ್ನು ಕೈಗಡ ತಂದಿದ್ದೆವು. ಪ್ರೀತಿಯಿಂದಲೇ ತಂದಿದ್ದೆವು, ಆದರೂ ಕೈಗಡ ಕೈಗಡವೇ ಅಲ್ವಾ? ವಯಸ್ಸಾದಂತೆ ಮೊದಲು ಆರುವುದು ಅದು.

ನಿಮ್ಮ ಮಗಳ ಕೆಂಡ್ರಿಕ್‌ಗೆ ಬರುತ್ತೇನೆ. ಅವರ 2015ರ ಆಲ್ಬಮ್‌ನ ಒಂದು ಹಾಡನ್ನು ಪೊಲೀಸ್ ದೌರ್ಜನ್ಯದ ವಿರುದ್ಧದ ಪ್ರತಿಭಟನೆಗಳಲ್ಲಿ ಜನ ಒಟ್ಟಾಗಿ ಕೂಗಿದರು. ಬಹುಶಃ ಅವಳಿಗೆ ಇಷ್ಟ ಅದೇ ಇರಬೇಕು. ಅದೇ ಆಲ್ಬಮ್‌ನ ಇನ್ನೊಂದು ಹಾಡಿನಲ್ಲಿ ಅವರು ತಮ್ಮನ್ನೇ ಆಷಾಢಭೂತಿ ಎಂದು ಕರೆದುಕೊಳ್ಳುತ್ತಾರೆ. ಅದನ್ನು ನೀವು ಕೇಳಿ, ಅವಳ ಪಕ್ಕದಲ್ಲೇ ಕೂತು. ಆಮೇಲೆ ಅವಳಿಗೆ ಹಣದುಬ್ಬರದ ಹಾಡು ಹಾಕಿ. ಅವಳು ಏನಂದಳು ಅಂತ ನನಗೆ ಬರೆಯಿರಿ. ಅವಳೇ ಬರೆದರೆ ಇನ್ನೂ ಖುಷಿ.