ಮಗ ಎಸ್ಸೆಸ್ಸೆಲ್ಸಿ, ನಾವು ಹೆಚ್ಚು ಓದಿದವರಲ್ಲ. ಮನೆಯಲ್ಲಿ ನಾವೇನು ಮಾಡಬಹುದು?

ಅಕ್ಕಾರೆ, ನಿಮ್ಮದು ಸಿಂಧನೂರು ಹತ್ತಿರದ ಹಳ್ಳಿ, ಪರೀಕ್ಷೆಗೆ ಮೂರು ವಾರ ಉಳಿದಿದೆ, ಮಗ ರಾತ್ರಿ ಎರಡರವರೆಗೆ ಪುಸ್ತಕ ಹಿಡಿದು ಕೂತರೂ ಬೆಳಿಗ್ಗೆ ಏನೂ ನೆನಪಿರುವುದಿಲ್ಲ ಎಂದು ಬರೆದಿದ್ದೀರಿ. ನೀವು ಐದನೇ ತರಗತಿಗೆ ಶಾಲೆ ಬಿಟ್ಟದ್ದು ಇಲ್ಲಿ ಅಡ್ಡಿಯೇ ಅಲ್ಲ. ಪಾಠ ಹೇಳಲು ಮಾಸ್ತರರಿದ್ದಾರೆ. ಪುಸ್ತಕ ಮುಚ್ಚಿಸಿ ಬರೆಸುವುದು, ಹೊತ್ತಿಗೆ ಸರಿಯಾಗಿ ಮಲಗಿಸುವುದು, ಇವೆರಡು ಮನೆಯವರಿಂದಲೇ ಆಗಬೇಕು.

ಒಂದೇ ಪುಟವನ್ನು ನಾಲ್ಕು ಸಲ ಓದಿದರೆ ಎಲ್ಲ ಬಂತು ಅನ್ನಿಸುತ್ತದೆ. ಕಣ್ಣಿಗೆ ಪರಿಚಯವಾಗಿರುತ್ತದೆ, ಅಷ್ಟೇ. ಬರೆಯಲು ಕೂತಾಗ ಕೈ ನಿಲ್ಲುತ್ತದೆ. ಉದಾಹರಣೆಗೆ ವಿಜ್ಞಾನದಲ್ಲಿ ಹೃದಯದ ಚಿತ್ರ ತೆಗೆದುಕೊಳ್ಳಿ. ಹತ್ತು ನಿಮಿಷ ನೋಡಲಿ, ಆಮೇಲೆ ಪುಸ್ತಕ ನಿಮ್ಮ ಕೈಗೆ ಬರಲಿ. ಅವನು ಹಾಳೆಯ ಮೇಲೆ ಚಿತ್ರ ಬಿಡಿಸಿ ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ ಎಂದು ಗೆರೆ ಎಳೆದು ಹೆಸರು ಬರೆಯಬೇಕು. ನೀವು ಪುಸ್ತಕದ ಚಿತ್ರದಲ್ಲಿ ಎಷ್ಟು ಗೆರೆಗಳಿವೆ, ಅವನದರಲ್ಲಿ ಎಷ್ಟಿವೆ ಎಂದು ಎಣಿಸಿ. ಕಡಿಮೆ ಇದ್ದರೆ ಯಾವುದು ಬಿಟ್ಟಿದೆ ಎಂದು ಅವನೇ ಹುಡುಕಲಿ. ಅದನ್ನೇ ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಬರೆಸಿ. ಪ್ರಮೇಯ, ಸಮಾಜ ವಿಜ್ಞಾನದ ನಕ್ಷೆ, ಪದ್ಯ, ಎಲ್ಲಕ್ಕೂ ಇದೇ ದಾರಿ.

ವಾರಕ್ಕೆ ಎರಡು ಸಲ ಪೂರ್ತಿ ಪ್ರಶ್ನೆಪತ್ರಿಕೆ ಬರೆಯಲಿ. ಮಂಡಳಿಯ ಮಾದರಿ ಪತ್ರಿಕೆಗಳು ಶಾಲೆಯಲ್ಲಿ ಸಿಗುತ್ತವೆ, ಝೆರಾಕ್ಸ್ ಮಾಡಿಸಿಕೊಳ್ಳಿ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದಲ್ಲಿ ಬರೆಯುವುದು 80 ಅಂಕಕ್ಕೆ, ಉಳಿದ 20 ಶಾಲೆಯ ಆಂತರಿಕ ಅಂಕ. ಮೊದಲ 15 ನಿಮಿಷ ಪತ್ರಿಕೆ ಓದಲು, ಆಮೇಲೆ ಮೂರು ಗಂಟೆ ಬರೆಯಲು. ಅಂದರೆ ಒಂದು ಅಂಕಕ್ಕೆ ಎರಡು ನಿಮಿಷ ಚಿಲ್ಲರೆ, ನಾಲ್ಕು ಅಂಕದ ಪ್ರಶ್ನೆಗೆ ಒಂಬತ್ತು ನಿಮಿಷ. ಎರಡಂಕದ ಪ್ರಶ್ನೆಗೆ ಒಂದೂವರೆ ಪುಟ ಬರೆದು, ಕೊನೆಗೆ ಬರುತ್ತಿದ್ದ ಲೆಕ್ಕವನ್ನೇ ಬಿಟ್ಟು ಬರುವ ಮಕ್ಕಳು ಬಹಳ. ಗಡಿಯಾರ ಎದುರಿಗಿಟ್ಟು, ಬೆಳಿಗ್ಗೆ ಹತ್ತಕ್ಕೇ ಕೂಡಿಸಿ. ನಡುವೆ ನೀರಿಗೂ ಕರೆಯಬೇಡಿ.

ಇನ್ನು ನಿದ್ದೆ. ಈ ವಯಸ್ಸಿಗೆ ಎಂಟು ತಾಸು ಬೇಕೇಬೇಕು. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ, ನಿಮ್ಮ ಮಗನ ತೊಂದರೆಯ ಅರ್ಧ ಇಲ್ಲೇ ಇದೆ. ಒಂಬತ್ತೂವರೆಗೆ ಮಲಗಲಿ, ಐದೂವರೆಗೆ ಏಳಲಿ. ಒಂದೇ ದಿನಕ್ಕೆ ಆಗದು, ದಿನಕ್ಕೆ ಅರ್ಧ ತಾಸಿನಂತೆ ಹಿಂದೆ ತನ್ನಿ. ಮಾರ್ಚಿನ ನಮ್ಮ ಬಿಸಿಲಿಗೆ ತಗಡಿನ ಮನೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಕಷ್ಟದ್ದೇನೂ ತಲೆಗೆ ಹೋಗುವುದಿಲ್ಲ, ಕಷ್ಟದ ವಿಷಯ ಬೆಳಗಿನ ತಂಪಿಗೇ ಇರಲಿ. ಕರೆಂಟ್ ಹೋದರೆ ಎಂದು ಒಂದು ಚಾರ್ಜಿಂಗ್ ಲೈಟ್ ಇಟ್ಟುಕೊಳ್ಳಿ. ಮೊಬೈಲ್ ಕಸಿದುಕೊಂಡರೆ ಜಗಳ. ರಾತ್ರಿ ಒಂಬತ್ತಕ್ಕೆ ಮನೆಯ ಎಲ್ಲರ ಫೋನೂ ಒಂದೇ ಕಡೆ ಇಡುವ ರೂಢಿ ಮಾಡಿ, ನಿಮ್ಮದೂ ಸೇರಿ. ಮೆಣಸಿನಕಾಯಿ ಬಿಡಿಸಲು ಆಳು ಸಿಗದಿದ್ದರೂ ಈ ಮೂರು ವಾರ ಅವನನ್ನು ಹೊಲಕ್ಕೆ ಕರೆಯಬೇಡಿ.

ಪರೀಕ್ಷೆಯ ಬೆಳಿಗ್ಗೆ ಒಗ್ಗರಣೆ-ಮಿರ್ಚಿ ಬೇಡ, ರೊಟ್ಟಿ-ಪಲ್ಯವೋ ಮೊಸರನ್ನವೋ ದಿನ ಉಣ್ಣುವುದೇ ಇರಲಿ. ಕೇಂದ್ರ ಬೇರೆ ಊರಲ್ಲಿದ್ದರೆ ಹಿಂದಿನ ದಿನವೇ ಹೋಗಿ ನೋಡಿ ಬನ್ನಿ, ಒಂದು ಬಸ್ ತಪ್ಪಿದರೂ ಇನ್ನೊಂದು ಸಿಗುವಂತೆ ಹೊರಡಿ. ಹಾಲ್ ಟಿಕೆಟಿನ ಎರಡು ಝೆರಾಕ್ಸ್ ನಿಮ್ಮ ಹತ್ತಿರ ಇರಲಿ. ಹೊರಗೆ ಬಂದ ಕೂಡಲೇ ಉತ್ತರ ತಾಳೆ ನೋಡಿಸಬೇಡಿ, ಮುಂದಿನ ಪೇಪರಿನ ಧೈರ್ಯ ಅಲ್ಲೇ ಕುಸಿಯುತ್ತದೆ.

ಒಂದು ಮಾತನ್ನು ಈಗಲೇ ಅವನಿಗೆ ತಿಳಿಸಿ ಹೇಳಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶದ ದಿನ ಹೇಳಿದರೆ ಅದು ಬರೀ ಸಮಾಧಾನದ ಮಾತಾಗುತ್ತದೆ, ಈಗ ಹೇಳಿದರೆ ಭಯ ಇಳಿಯುತ್ತದೆ. ಓಣಿಯ ಬೇರೆ ಮಕ್ಕಳ ಅಂಕದ ಸುದ್ದಿ ಮನೆಯೊಳಗೆ ಬರುವುದೇ ಬೇಡ. ಅವನು ಊಟ ಬಿಟ್ಟರೆ, ಯಾರ ಜೊತೆಗೂ ಮಾತಾಡದಿದ್ದರೆ, ಇದ್ದು ಏನು ಮಾಡಲಿ ಎಂಬಂಥ ಮಾತಾಡಿದರೆ ಬೈಯದೆ ಪಕ್ಕದಲ್ಲಿ ಕೂಡಿರಿ, ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.