ಸೆಟ್ ಆಡುವುದೇ ಅಭ್ಯಾಸ ಅಲ್ಲ

ಪ್ರಶ್ನೆ: ನನಗೆ 38 ವರ್ಷ. ನಾಲ್ಕು ವರ್ಷದಿಂದ ಟೆನಿಸ್ ಆಡುತ್ತಿದ್ದೇನೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಒಂದೊಂದು ಗಂಟೆ ಕೋರ್ಟ್ ಸಿಗುತ್ತದೆ. ಮೊದಲ ವರ್ಷ ಬೇಗ ಬೇಗ ಕಲಿತೆ, ಆಮೇಲೆ ನಿಂತಲ್ಲೇ ನಿಂತಿದ್ದೇನೆ. ಅದೇ ಗೆಳೆಯರ ಎದುರು ಅದೇ ತಪ್ಪು ಮಾಡಿ ಸೋಲುತ್ತೇನೆ. ಸದ್ಯಕ್ಕೆ ಕೋಚ್ ಇಟ್ಟುಕೊಳ್ಳಲು ಆಗದು. ನಾನೇ ಒಂದು ಅಭ್ಯಾಸಕ್ರಮ ಹಾಕಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಗಂಟೆ ಕೋರ್ಟ್ ಸಿಗುತ್ತದೆ ಅಂತ ಬರೆದಿದ್ದೀರಿ. ಆ ಮೂರು ಗಂಟೆ ಏನು ಮಾಡುತ್ತೀರಿ ಅಂತ ಬರೆದಿಲ್ಲ. ಬಹುಶಃ ಐದು ನಿಮಿಷ ಬಾಲು ಹೊಡೆದಾಡಿ, ಆ ಕಡೆ ಈ ಕಡೆ ನಾಲ್ಕು ಸರ್ವ್ ಹಾಕಿ, "ಶುರು ಮಾಡೋಣ್ವಾ?" ಅಂತ ಸೆಟ್ಟಿಗೆ ಇಳಿಯುತ್ತೀರಿ. ಅಲ್ವಾ?

ನಾನು ರ‍್ಯಾಕೆಟ್ ಹಿಡಿದಿದ್ದು 34ನೇ ವಯಸ್ಸಿಗೆ. ಆರು ವರ್ಷ ಹೀಗೇ ಆಡಿದೆ. ಒಂದು ದಿನ ಮಂಡಿ ನೋವು ಅಂತ ಹೊರಗೆ ಕೂತಿದ್ದ ಗೆಳತಿಗೆ ಒಂದು ಕೆಲಸ ಹೇಳಿದೆ. ನಾನು ಹೊಡೆಯುವ ಪ್ರತಿಯೊಂದು ಬಾಲಿಗೂ ಕಾಗದದಲ್ಲಿ ಒಂದು ಗೀಟು ಹಾಕು, ಯಾವ ಹೊಡೆತ ಅಂತ ಬೇರೆ ಬೇರೆ ಬರೆ ಅಂದೆ. ಒಂದು ಗಂಟೆ ಡಬಲ್ಸ್ ಮುಗಿದ ಮೇಲೆ ನೋಡಿದರೆ ಬ್ಯಾಕ್‌ಹ್ಯಾಂಡ್ ವಾಲಿ, ಅಂದರೆ ಬಾಲು ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯುವ ಹೊಡೆತ, ಒಂಬತ್ತು ಇದ್ದವು. ಅದರಲ್ಲಿ ಆರು ನೆಟ್ಟಿಗೆ ಹೋಗಿದ್ದವು. ಎಲ್ಲಕ್ಕಿಂತ ಜಾಸ್ತಿ ತಿದ್ದಬೇಕಾಗಿದ್ದ ಹೊಡೆತಕ್ಕೆ ಒಂದು ಗಂಟೆಯಲ್ಲಿ ನಾನು ಕೊಟ್ಟಿದ್ದು ಒಂಬತ್ತೇ ಬಾಲು. ಅದೂ ಪಾಯಿಂಟ್ ಹೋಗಿಬಿಡುತ್ತದೆ ಅನ್ನೋ ಆತಂಕದಲ್ಲಿ.

ಸೆಟ್ ಆಡುವಾಗ ನಾವು ಕೊರತೆಯನ್ನು ಮುಚ್ಚಿಕೊಳ್ಳುವುದನ್ನೇ ಕಲಿಯುತ್ತೇವೆ. ಬ್ಯಾಕ್‌ಹ್ಯಾಂಡ್ ಭಯ ಇದ್ದವರು ಸುತ್ತಿ ಬಂದು ಫೋರ್‌ಹ್ಯಾಂಡ್ ಹೊಡೆಯುತ್ತಾರೆ. ಸರ್ವ್ ಭಯ ಇದ್ದವರು ಬಾಲನ್ನು ಸುಮ್ನೆ ಆಚೆಗೆ ತಳ್ಳುತ್ತಾರೆ. ವರ್ಷಗಟ್ಟಲೆ ಹೀಗೆ ಆಡಿದರೆ ಆ ಮುಚ್ಚಿಕೊಳ್ಳುವಿಕೆಯೇ ಗಟ್ಟಿಯಾಗುತ್ತದೆ. ನೀವು ನಿಂತಲ್ಲೇ ನಿಂತಿರುವುದು ಇದರಿಂದಲೇ ಅಂತ ನನಗನ್ನಿಸುತ್ತದೆ.

ಹಾಗಾಗಿ ಮೂರು ದಿನದಲ್ಲಿ ಎರಡನ್ನು ಅಭ್ಯಾಸಕ್ಕೆ ಎತ್ತಿಡಿ. ಸೆಟ್ ಒಂದೇ ದಿನ. ಗೆಳೆಯರು ಗೊಣಗಬಹುದು. ಆದರೆ ಅವರಲ್ಲೂ ಒಬ್ಬರಾದರೂ ನಿಮ್ಮ ಹಾಗೇ ಬೇಸತ್ತಿರುತ್ತಾರೆ. ಅವರನ್ನು ಜೊತೆ ಮಾಡಿಕೊಳ್ಳಿ.

ಮೊದಲ ದಿನ ಸರ್ವ್ ಮತ್ತು ರಿಟರ್ನ್ (ಬಂದ ಸರ್ವನ್ನು ವಾಪಸ್ ಹೊಡೆಯುವುದು), ಬೇರೇನೂ ಬೇಡ. ದೊಡ್ಡ ಟೂರ್ನಿಗಳಲ್ಲೂ ಹೆಚ್ಚಿನ ಪಾಯಿಂಟ್‌ಗಳು ನಾಲ್ಕು ಹೊಡೆತದ ಒಳಗೇ ಮುಗಿದುಹೋಗುತ್ತವೆ. ಅಂದರೆ ಪ್ರತಿ ಪಾಯಿಂಟಿಗೂ ಬೇಕಾಗುವುದು ಈ ಎರಡೇ. ಇವನ್ನೇ ನಾವು ಅಭ್ಯಾಸ ಮಾಡುವುದಿಲ್ಲ.

ಎರಡನೇ ಸರ್ವ್‌ನಿಂದ, ಅಂದರೆ ಮೊದಲನೆಯದು ತಪ್ಪಿದಾಗ ಹಾಕುವ ಸರ್ವ್‌ನಿಂದ, ಶುರು ಮಾಡಿ. ಅದರ ಮೇಲೆ ನಂಬಿಕೆ ಬಂದರೆ ಮೊದಲ ಸರ್ವ್ ತಾನಾಗೇ ಸಡಿಲವಾಗಿ, ಧೈರ್ಯವಾಗಿ ಬರುತ್ತದೆ. ಹಿಡಿತ ಕಾಂಟಿನೆಂಟಲ್ ಇರಲಿ, ಅಂದರೆ ಸುತ್ತಿಗೆ ಹಿಡಿದು ಮೊಳೆ ಹೊಡೆಯುವ ಹಿಡಿತ. ಈಗ ಬಾಣಲೆ ಹಿಡಿದ ಹಾಗೆ ಹಿಡಿಯುತ್ತಿದ್ದರೆ ಬದಲಾಯಿಸಿದ ಮೊದಲೆರಡು ವಾರ ಕಷ್ಟ. ಬಲಗೈ ಆಟಗಾರರಾದರೆ ಬಾಲು ಎಡಕ್ಕೇ ಓಡುತ್ತದೆ. ದಯವಿಟ್ಟು ಹಳೇ ಹಿಡಿತಕ್ಕೆ ವಾಪಸ್ ಹೋಗಬೇಡಿ. ಮುಂಗೈ ಹೊರಕ್ಕೆ ತಿರುಗುವುದನ್ನು ಕಲಿತ ದಿನ ಅದು ನೇರವಾಗುತ್ತದೆ. ಆಮೇಲೆ ಟಾಸ್, ಅಂದರೆ ಸರ್ವ್‌ಗೆ ಬಾಲನ್ನು ಮೇಲಕ್ಕೆ ಎಸೆಯುವುದು. ನಾನು ಕಲಿಸುವವರಲ್ಲಿ ಹೆಚ್ಚಿನವರ ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಗುವುದು) ಹುಟ್ಟುವುದು ರ‍್ಯಾಕೆಟ್ ಹಿಡಿದ ಕೈಯಲ್ಲಲ್ಲ, ಬಾಲು ಎಸೆಯುವ ಕೈಯಲ್ಲಿ. ಗೆರೆಯ ಒಳಗೆ, ಮುಂದಿನ ಕಾಲಿನಿಂದ ಸುಮಾರು ಒಂದಡಿ ಮುಂದೆ ರ‍್ಯಾಕೆಟ್ಟನ್ನು ನೆಲಕ್ಕೆ ಇಡಿ. ಬಾಲನ್ನು ಎಸೆದು ಹೊಡೆಯದೆ ಬಿಡಿ. ಅದು ರ‍್ಯಾಕೆಟ್ಟಿನ ಮೇಲೇ ಬೀಳಬೇಕು. ದಿನಾ ಹತ್ತು ಸಲ ಮಾಡಿ. ಇದಕ್ಕೆ ಕೋರ್ಟೂ ಬೇಕಿಲ್ಲ.

ಕೋರ್ಟಿನಲ್ಲಿ ಇಪ್ಪತ್ತು ಎರಡನೇ ಸರ್ವ್ ಹಾಕಿ, ಬಲಕ್ಕೆ ಹತ್ತು, ಎಡಕ್ಕೆ ಹತ್ತು. ಎಷ್ಟು ಒಳಗೆ ಬಿದ್ದವು ಅಂತ ಬರೆದಿಡಿ. ಹದಿನಾರು ದಾಟುವವರೆಗೆ ವೇಗದ ಯೋಚನೆ ಬೇಡ. ಗಡಿಬಿಡಿಯಲ್ಲಿ ಒಂದರ ಹಿಂದೆ ಒಂದು ಹೊಡೆಯಬೇಡಿ. ಪಾಯಿಂಟುಗಳ ನಡುವೆ ನಿಯಮವೇ 25 ಸೆಕೆಂಡ್ ಕೊಡುತ್ತದೆ. ಬಾಲು ಪುಟಿಸಿ, ಎಲ್ಲಿಗೆ ಹಾಕುತ್ತೀರಿ ಅಂತ ತೀರ್ಮಾನಿಸಿ, ಉಸಿರು ಬಿಟ್ಟು ಆಮೇಲೆ ಹಾಕಿ. ಒಂದು ದಿನಕ್ಕೆ ಐವತ್ತು-ಅರವತ್ತು ಸಾಕು, ಭುಜ ಕಬ್ಬಿಣದ್ದಲ್ಲ. ಆ ಕಡೆ ನಿಂತ ಗೆಳೆಯರಿಗೂ ಕೆಲಸ ಇದೆ. ಬರುವ ಸರ್ವ್ ಹೇಗೇ ಇರಲಿ, ರಿಟರ್ನನ್ನು ಕೋರ್ಟಿನ ನಡುವಿಗೆ, ಆಳಕ್ಕೆ ಹಾಕಬೇಕು. ಗೆಲ್ಲುವ ಹೊಡೆತಕ್ಕೆ ಕೈ ಹಾಕುವ ಹಾಗಿಲ್ಲ.

ಎರಡನೇ ದಿನ ರ‍್ಯಾಲಿ ಮತ್ತು ಕಾಲು. ಇಲ್ಲಿ ಕ್ರಾಸ್‌ಕೋರ್ಟ್, ಅಂದರೆ ಮೂಲೆಯಿಂದ ಎದುರಿನ ಮೂಲೆಗೆ ಅಡ್ಡ ಹೊಡೆಯುವುದು, ನಿಮ್ಮ ಮನೆ. ಯಾಕೆ ಅಂತ ಹೇಳುತ್ತೇನೆ. ನೆಟ್ ನಡುವೆ 91.4 ಸೆಂ.ಮೀ. ಎತ್ತರ, ಕಂಬದ ಬಳಿ 107. ಅಡ್ಡ ಹೊಡೆದರೆ ಬಾಲು ತಗ್ಗಿನ ಭಾಗದ ಮೇಲೆ ದಾಟುತ್ತದೆ. ಸಿಂಗಲ್ಸ್ ಕೋರ್ಟಿನ ನೇರ ಉದ್ದ 23.77 ಮೀಟರ್, ಮೂಲೆಯಿಂದ ಮೂಲೆಗೆ 25 ಮೀಟರಿಗಿಂತ ಜಾಸ್ತಿ. ಅಂದರೆ ನೆಟ್ಟೂ ತಗ್ಗು, ಜಾಗವೂ ಜಾಸ್ತಿ. ಇದು ತಲೆಗೆ ಇಳಿದ ಮೇಲೆ ನಾನು ಗೆರೆ ಹಿಡಿದು ನೇರ ಹೊಡೆಯುವ ಚಟ ಬಿಟ್ಟೆ.

ಗೆಳೆಯರ ಜೊತೆ ಅರ್ಧ ಕೋರ್ಟಿನಲ್ಲಿ ಕ್ರಾಸ್‌ಕೋರ್ಟ್ ಮಾತ್ರ ಆಡಿ, 11 ಪಾಯಿಂಟಿನವರೆಗೆ. ಸರ್ವಿಸ್ ಗೆರೆಗಿಂತ (ಸರ್ವ್ ಬೀಳಬೇಕಾದ ಚೌಕದ ಕೊನೆಯ ಗೆರೆ) ಮುಂಚೆ ಬಿದ್ದರೆ ಪಾಯಿಂಟ್ ಹೋಯಿತು. ಮೊದಲು ಫೋರ್‌ಹ್ಯಾಂಡ್ ಕಡೆ, ಆಮೇಲೆ ಬ್ಯಾಕ್‌ಹ್ಯಾಂಡ್ ಕಡೆ. ಈ ಒಂದು ಆಟ ಆಳವನ್ನೂ ತಾಳ್ಮೆಯನ್ನೂ ಒಟ್ಟಿಗೆ ಕಲಿಸುತ್ತದೆ. ಒಂದೇ ಜಾಗಕ್ಕೆ ಎಸೆದ ಬಾಲನ್ನು ಐವತ್ತು ಸಲ ಒಂದೇ ಥರ ಹೊಡೆಯುವುದು ಖುಷಿ ಕೊಡುತ್ತದೆ, ನಿಜ. ಹೊಸ ಹಿಡಿತ ಕಲಿಯುವಾಗ ಅದು ಬೇಕೂ ಬೇಕು. ಆದರೆ ಪಂದ್ಯದಲ್ಲಿ ಎರಡು ಬಾಲು ಒಂದೇ ಥರ ಬರುವುದಿಲ್ಲ. ಬೇಗ ಅದರಿಂದ ಹೊರಗೆ ಬಂದು ಓಡುತ್ತಾ, ಬದಲಾಯಿಸುತ್ತಾ ಹೊಡೆಯಿರಿ.

ಕಾಲಿನ ವಿಷಯದಲ್ಲಿ ಒಂದೇ ಒಂದು ಕೇಳಿಕೊಳ್ಳುತ್ತೇನೆ. ಎದುರಾಳಿಯ ರ‍್ಯಾಕೆಟ್ ಬಾಲಿಗೆ ತಾಗುವ ಹೊತ್ತಿಗೆ ಎರಡೂ ಕಾಲಲ್ಲಿ ಒಂದು ಸಣ್ಣ ಕುಪ್ಪಳಿಕೆ. ಸ್ಪ್ಲಿಟ್ ಸ್ಟೆಪ್ ಅನ್ನುತ್ತಾರೆ. ನೆಲಕ್ಕೆ ಇಳಿಯುತ್ತಿದ್ದ ಹಾಗೆ ಮೈ ಯಾವ ಕಡೆಗಾದರೂ ಚಿಮ್ಮಲು ಸಿದ್ಧವಾಗಿರುತ್ತದೆ. ಹತ್ತು ನಿಮಿಷ ಗೆಳೆಯರು ತಾವು ಬಾಲು ಹೊಡೆಯುವಾಗ "ಈಗ" ಅಂತ ಕೂಗಲಿ, ನೀವು ಕುಪ್ಪಳಿಸಿ. ನನಗೆ ಇದು ಅಭ್ಯಾಸವಾಗಲು ಎರಡು ತಿಂಗಳು ಹಿಡಿಯಿತು. ಅದಾದ ಮೇಲೆ ಅರ್ಧದಷ್ಟು "ಸಿಗದ" ಬಾಲುಗಳು ಸಿಗತೊಡಗಿದವು.

ಗೆಳೆಯರು ಬರದ ದಿನ ಗೋಡೆ ಇದೆ. ನೆಟ್ಟಿಗಿಂತ ಸ್ವಲ್ಪ ಎತ್ತರಕ್ಕೆ ಗೆರೆ ಎಳೆದು ಅದಕ್ಕಿಂತ ಮೇಲಕ್ಕೆ ಹೊಡೆಯಿರಿ. ಗೋಡೆಯಿಂದ ಬಾಲು ಬೇಗ ವಾಪಸ್ ಬರುತ್ತದೆ, ಎರಡು ಪುಟಿತ ಬಿಟ್ಟುಕೊಂಡರೆ ಹೊಡೆತ ಪೂರ್ತಿ ಮಾಡಲು ಸಮಯ ಸಿಗುತ್ತದೆ.

ಮೂರನೇ ದಿನ ಸೆಟ್. ಆದರೆ ಒಂದು ಕೆಲಸ ಹಿಡಿದು ಆಡಿ. ಆ ವಾರ ಎರಡನೇ ಸರ್ವ್ ಕಟ್ಟಿದ್ದರೆ, ಸೆಟ್ಟಿನಲ್ಲೂ ತಳ್ಳದೆ ಅದನ್ನೇ ಹಾಕಿ. ಡಬಲ್ ಫಾಲ್ಟ್ ಆದರೂ ಸರಿ. ಕೆಲವು ವಾರ ಜಾಸ್ತಿ ಸೋಲುತ್ತೀರಿ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪದವಿ ಸಮಾರಂಭದಲ್ಲಿ ರೋಜರ್ ಫೆಡರರ್ ಒಂದು ಲೆಕ್ಕ ಹೇಳಿದ್ದರು. ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರ ಹತ್ತಿರ ಶೇ. 80 ಗೆದ್ದಿದ್ದಾರೆ, ಪಾಯಿಂಟುಗಳಲ್ಲಿ ಗೆದ್ದಿದ್ದು ಶೇ. 54 ಮಾತ್ರ. ಅಂಥ ಆಟಗಾರರೂ ಹೆಚ್ಚು ಕಡಿಮೆ ಎರಡರಲ್ಲಿ ಒಂದು ಪಾಯಿಂಟ್ ಕಳೆದುಕೊಂಡಿದ್ದಾರೆ. ಹೋದ ಪಾಯಿಂಟಿಗೆ ಕೊರಗುತ್ತಾ ನಿಂತಾಗ ನಾನು ಈ ಲೆಕ್ಕ ನೆನೆಯುತ್ತೇನೆ.

ಒಂದು ಸಲಕ್ಕೆ ಒಂದೇ ವಿಷಯ, ಆರು ವಾರ. ಮನೆಗೆ ಹೋಗುವ ಮುಂಚೆ ಪುಸ್ತಕದಲ್ಲಿ ಮೂರು ಸಾಲು: ಇವತ್ತು ಏನು ಮಾಡಿದೆ, ಇಪ್ಪತ್ತಕ್ಕೆ ಎಷ್ಟು, ಮುಂದಿನ ಸಲ ಏನು. ನನ್ನ ಹತ್ತಿರ ಇಂಥ ಹನ್ನೊಂದು ಪುಸ್ತಕಗಳಿವೆ.

ಪ್ರಶ್ನೆ: ಎರಡು ತಿಂಗಳಿಂದ ಬಲ ಮೊಣಕೈಯ ಹೊರಭಾಗದಲ್ಲಿ ನೋವು. ಬಕೆಟ್ ಎತ್ತುವಾಗಲೂ ಚುಚ್ಚುತ್ತದೆ. ಪಟ್ಟಿ ಕಟ್ಟಿಕೊಂಡು ಆಡಬಹುದೇ?

ಉತ್ತರ: ಬೇಡ. ಮೊದಲು ವೈದ್ಯರಿಗೋ ಫಿಸಿಯೋಥೆರಪಿಸ್ಟಿಗೋ ತೋರಿಸಿ. ನೀವು ಹೇಳುವ ಲಕ್ಷಣ ಟೆನಿಸ್ ಎಲ್ಬೋ ಥರ ಇದೆ, ಆದರೆ ಅದನ್ನು ಕೈ ಮುಟ್ಟಿ ನೋಡಿದವರೇ ಹೇಳಬೇಕು. ನನಗೆ 41ರಲ್ಲಿ ಬಂದಿತ್ತು. ಪಟ್ಟಿ ಕಟ್ಟಿಕೊಂಡೇ ನಾಲ್ಕು ತಿಂಗಳು ಆಡಿದೆ. ಆಮೇಲೆ ಎಂಟು ತಿಂಗಳು ಆಡಲಾಗಲಿಲ್ಲ. ಆ ಎಂಟು ತಿಂಗಳು ನಿಮಗೆ ಬರಬಾರದು ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗುಣವಾಗಿ ವಾಪಸ್ ಬರುವಾಗ ಮೂರು ಕಡೆ ನೋಡಿ. ರ‍್ಯಾಕೆಟ್ಟಿಗೆ ಪಾಲಿಯೆಸ್ಟರ್ ಗಟ್ (ತಂತಿ) ಹಾಕಿಸಿದ್ದೀರಾ? ಅದು ಬಿರುಸು, ಏಟೆಲ್ಲ ಕೈಗೇ ಬರುತ್ತದೆ. ಮೆತ್ತನೆಯ ಗಟ್ ಹಾಕಿಸಿ, ಬಿಗಿ ಎರಡು-ಮೂರು ಪೌಂಡ್ ಕಡಿಮೆ ಮಾಡಿಸಿ. ಬ್ಯಾಕ್‌ಹ್ಯಾಂಡ್ ತಡವಾಗಿ, ಮೈ ತಿರುಗಿಸದೆ, ಬರೀ ಮಣಿಕಟ್ಟಿನಲ್ಲಿ ಹೊಡೆಯುತ್ತೀರಾ? ನನ್ನ ನೋವಿನ ಮೂಲ ಅದೇ ಆಗಿತ್ತು. ಹೊಡೆತಗಳ ನಡುವೆಯೂ ಹಿಡಿಯನ್ನು ಅದುಮಿ ಹಿಡಿದಿರುತ್ತೀರಾ? ಬಿಡುವಿನಲ್ಲಿ ರ‍್ಯಾಕೆಟ್ಟಿನ ಕೊರಳನ್ನು ಇನ್ನೊಂದು ಕೈಗೆ ಕೊಟ್ಟು ಬೆರಳು ಸಡಿಲಿಸಿ. ಫಿಸಿಯೋ ಒಪ್ಪಿದ ಮೇಲೆ ಸಣ್ಣ ಡಂಬೆಲ್ ಹಿಡಿದು, ಅಂಗೈ ಕೆಳಗೆ ಮಾಡಿ, ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮ ಮಾಡಿ. ನಾನು ಇಂದಿಗೂ ಬಿಟ್ಟಿಲ್ಲ.

ಪ್ರಶ್ನೆ: ನನಗೆ 52. ಒಮ್ಮೆಯೂ ಆಡಿಲ್ಲ. ಈಗ ಶುರು ಮಾಡಿದರೆ ತಡವಾಯಿತಾ?

ಉತ್ತರ: ಖಂಡಿತ ಇಲ್ಲ. ರೋಹನ್ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43. ಅವರು ಜೀವನವಿಡೀ ಆಡಿದವರು, ನಮ್ಮ ದಾರಿ ಬೇರೆ. ಆದರೆ ವಯಸ್ಸಾದ ಮೈಗೂ ಈ ಆಟ ಒಗ್ಗುತ್ತದೆ ಅನ್ನುವುದು ಸುಳ್ಳಲ್ಲ. ಹಲವು ವರ್ಷ ಓಡಾಟ ಇಲ್ಲದಿದ್ದರೆ ಮೊದಲು ವೈದ್ಯರ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ಆಮೇಲೆ ಹಳದಿ ಬಾಲಿನಿಂದ ಶುರು ಮಾಡಬೇಡಿ. ಮಕ್ಕಳಿಗೆ ಅಂತ ಮಾಡಿದ ಕಿತ್ತಳೆ ಬಣ್ಣದ ಬಾಲು ಅದಕ್ಕಿಂತ ಅರ್ಧದಷ್ಟು ನಿಧಾನ, ಹಸಿರು ಚುಕ್ಕೆಯದ್ದು ಕಾಲು ಭಾಗ ನಿಧಾನ. ದೊಡ್ಡವರು ಅದರಲ್ಲಿ ಆಡಲು ಸಂಕೋಚಪಡುತ್ತಾರೆ, ಆ ಸಂಕೋಚ ಬೇಡ. ಸರ್ವಿಸ್ ಗೆರೆಯ ಬಳಿ ಎದುರುಬದುರು ನಿಂತು, ಕಿತ್ತಳೆ ಬಾಲಿನಲ್ಲಿ ಇಪ್ಪತ್ತು ಹೊಡೆತದ ರ‍್ಯಾಲಿ ಬರುವ ತನಕ ಆಡಿ. ಬಂದ ದಿನ ಒಂದು ಹೆಜ್ಜೆ ಹಿಂದೆ ಸರಿಯಿರಿ, ನನಗೊಂದು ಪತ್ರ ಬರೆಯಿರಿ.