ಎನ್ವಿರಾನ್‌ಮೆಂಟಲ್ ಗ್ರಾಫಿಕ್ ಡಿಸೈನರ್ ಅಂದರೆ ಪರಿಸರದ ಪೋಸ್ಟರ್ ಮಾಡುವವರಾ? ಸೀನಿಯರ್ ಆದರೆ ಏನು ಕೆಲಸ?

ಅಲ್ಲ. ಇಲ್ಲಿ ಪರಿಸರ ಅಂದರೆ ಮರಗಿಡವಲ್ಲ, ನಾವು ಓಡಾಡುವ ಜಾಗ. ಆಸ್ಪತ್ರೆ, ಬಸ್ ನಿಲ್ದಾಣ, ಮ್ಯೂಸಿಯಂಗಳಲ್ಲಿ ಜನ ಯಾರನ್ನೂ ಕೇಳದೆ ದಾರಿ ಕಂಡುಕೊಳ್ಳುವ ಹಾಗೆ ಬೋರ್ಡು, ಬಾಣ, ಬಣ್ಣ, ನಕ್ಷೆ ಮಾಡುವುದು ನಮ್ಮ ಕೆಲಸ.

ನಾನು ದಾವಣಗೆರೆಯವನು, ಒಂದು ಸ್ಟುಡಿಯೋದಲ್ಲಿ ಸೀನಿಯರ್. ಕಂಪ್ಯೂಟರ್ ಮುಂದೆ ಕೂರುವುದಕ್ಕಿಂತ ಜಾಗದಲ್ಲಿ ನಡೆದು ನೋಡುವುದೇ ಜಾಸ್ತಿ. ಜನ ಎಲ್ಲಿ ನಿಂತು ತಬ್ಬಿಬ್ಬಾಗುತ್ತಾರೋ ಅಲ್ಲೇ ಬೋರ್ಡು ಬೇಕು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇ ನೋಡಿ. ಶತ್ರುವನ್ನು ತಡೆಯಲು ದಾರಿಯನ್ನು ತಿರುಗಿಸಿ ಕಟ್ಟಿದ್ದಾರೆ. ಇವತ್ತು ಓಬವ್ವನ ಕಿಂಡಿ ಹುಡುಕಿಕೊಂಡು ಬರುವ ಅಜ್ಜಿಗೂ ಅದೇ ತಿರುವು ಕಾಡುತ್ತದೆ, ಅಲ್ವಾ?

ಅಕ್ಷರಕ್ಕೆ ಒಂದು ಅಂದಾಜು ಲೆಕ್ಕ ಇದೆ: 10 ಅಡಿ ದೂರಕ್ಕೆ 1 ಇಂಚು ಎತ್ತರ. ಇಂಗ್ಲಿಷಿನ ಈ ಲೆಕ್ಕವನ್ನು ಕನ್ನಡಕ್ಕೆ ಸುಮ್ನೆ ಹಾಕಿದರೆ ಆಗುವುದಿಲ್ಲ. ‘ತುರ್ತು ಚಿಕಿತ್ಸೆ’ ಅಂತ ಬರೆದು ನೋಡಿ. ‘ತ್ಸೆ’ಯ ಒತ್ತು ಇಳಿದು ಕೆಳಗಿನ ಸಾಲಿಗೆ ತಾಗುತ್ತದೆ. ಅದಕ್ಕೇ ಪೂರ್ತಿ ಅಳತೆಯ ಪ್ರಿಂಟನ್ನು ಗೋಡೆಗೆ ಅಂಟಿಸಿ, ಮಧ್ಯಾಹ್ನದ ಬಿಸಿಲಲ್ಲಿ ದೂರ ನಿಂತು ಓದುತ್ತೇನೆ. ಹೊಳೆಯುವ ಅಕ್ರಿಲಿಕ್ ಆದರೆ ಏನೂ ಕಾಣುವುದಿಲ್ಲ.

ಬಜೆಟ್ಟು, ಬೋರ್ಡು ಮಾಡುವವರ ಜೊತೆ ಮಾತುಕತೆ, ಹೊಸಬರ ಡ್ರಾಯಿಂಗ್ ತಿದ್ದುವುದು ಕೂಡ ಸೀನಿಯರ್ ಹೆಗಲಿಗೇ.